ಮಿಂಚುಳ್ಳಿಯ ಇಪ್ಪತ್ತು ಹೆಜ್ಜೆ

ಕಾಡಿನ ಅಂಚಿನಲ್ಲಿ ಒಂದು ಕೆರೆ. ಹೆಸರು ಹೊಂಗೆಕೆರೆ. ಅದನ್ನು ಕಟ್ಟಿಸಿದ ಮನುಷ್ಯರು ಯಾವ ಕಾಲದಲ್ಲೋ ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದರು. ಅವರ ಗುರುತಿಗೆ ತೂಬಿನ ಕಲ್ಲೊಂದು ಮಾತ್ರ ನೀರಿನಿಂದ ತಲೆ ಎತ್ತಿ ನಿಂತಿತ್ತು. ಈಗ ಕೆರೆಯ ಯಜಮಾನರೆಲ್ಲ ಕಪ್ಪೆ, ಏಡಿ, ಆಮೆ, ಮಿಂಚುಳ್ಳಿಗಳೇ. ಮಕ್ಕಳೇ, ನೀವು ನೋಡಿರುವ ಕೆರೆಗಳೆಲ್ಲ ಇದರ ಮುಂದೆ ಎಮ್ಮೆ ಹೊರಳಾಡುವ ಗುಂಡಿ ಅಂತ ತಿಳ್ಕೊಳ್ಳಿ.

ಆ ಕೆರೆಯಲ್ಲಿ ಒಂದು ಕಟ್ಟಳೆ ಇತ್ತು. ಯಾರಾದರೂ ದೊಡ್ಡ ಕೆಲಸಕ್ಕೆ ಕೈ ಹಾಕಿದರೆ ತೂಬಿನ ಕಲ್ಲಿನ ಮೇಲೆ ನಿಂತು ಎಲ್ಲರೆದುರು ಮಾತು ಕೊಡಬೇಕು. ಇಷ್ಟು ದಿನದಲ್ಲಿ ಇಷ್ಟು ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ, ದಿನಾ ಬೆಳಿಗ್ಗೆ ಬಂದು ‘ಎಷ್ಟಾಯಿತು?’ ಎಂದು ಕೇಳುವವನೊಬ್ಬನನ್ನು ತಾನೇ ಆರಿಸಿಕೊಳ್ಳಬೇಕು. ಅವನನ್ನು ಕೆರೆಯವರು ‘ಕೇಳೋ ಆಸಾಮಿ’ ಅನ್ನುತ್ತಿದ್ದರು. ಇನ್ನೊಂದು ಮಾತು. ತೂಬಿನ ಕಲ್ಲಿನ ಹತ್ತಿರ ಯಾರೂ ಯಾರನ್ನೂ ತಿನ್ನುವಂತಿಲ್ಲ. ಹಾಗಾಗಿ ಅಲ್ಲಿ ಕಪ್ಪೆಗಳೂ ಧೈರ್ಯವಾಗಿ ನಗುತ್ತಿದ್ದವು.

ಒಂದು ಅಮಾವಾಸ್ಯೆಯ ಬೆಳಿಗ್ಗೆ ಆ ಕಲ್ಲಿನ ಮೇಲೆ ಬಂದು ಕೂತವನು ಬಾಣಪ್ಪ.

ಬಾಣಪ್ಪ ಮಿಂಚುಳ್ಳಿ. ನೀಲಿ ಬೆನ್ನು, ಕೆಂಪು ಹೊಟ್ಟೆ, ಕಠಾರಿಯಂಥ ಕೊಕ್ಕು. ನೀರಿಗೆ ಧುಮುಕಿದರೆ ಮೀನು ಇಲ್ಲದೆ ಮೇಲೆ ಬಂದವನಲ್ಲ. ಹಾಗಂತ ದಿನಕ್ಕೆ ನಲವತ್ತು ಸಲ ತಾನೇ ಹೇಳಿಕೊಳ್ಳುತ್ತಿದ್ದ. ಇನ್ನು ಅವನ ಕೋಪವೋ, ಕೊಕ್ಕಿನ ತುದಿಯಲ್ಲೇ ಇರುತ್ತಿತ್ತು.

ಹೋದ ವರ್ಷ ಅವನೂ ಅವನ ಹೆಂಡತಿ ನೀಲವ್ವನೂ ಯಾರೋ ಬಿಟ್ಟುಹೋದ ಗಿಡ್ಡ ಬಿಲದಲ್ಲಿ ಸಂಸಾರ ಹೂಡಿದ್ದರು. ಒಂದು ಉಡ ಬಂದು ಮೂತಿ ತೂರಿಸಿ ಮೊಟ್ಟೆಯನ್ನೆಲ್ಲ ನೆಕ್ಕಿಹೋಯಿತು. ನೀಲವ್ವ ಅವತ್ತೇ ಹೇಳಿದ್ದಳು: “ಮುಂದಿನ ಸಲ ಏರಿಯ ಮಣ್ಣಲ್ಲಿ ಆಳವಾದ ಮನೆ ಬೇಕು. ಯಾರ ಮೂತಿಗೂ ಸಿಗಬಾರದು.”

ಈಗ ಅವಳಿಗೆ ಮತ್ತೆ ಮೊಟ್ಟೆ ಇಡುವ ಕಾಲ. ಹುಣ್ಣಿಮೆಗೆ ಇಡುತ್ತಾಳೆ. ಅಂದರೆ ಹದಿನೈದು ದಿನ.

“ಕೇಳ್ರಪ್ಪಾ!” ಎಂದು ಬಾಣಪ್ಪ ರೆಕ್ಕೆ ತಟ್ಟಿದ. “ಏರಿಯ ಕೆಂಪು ಮಣ್ಣಲ್ಲಿ ಬಿಲ ತೋಡ್ತೀನಿ. ಇಪ್ಪತ್ತು ಹೆಜ್ಜೆ ಆಳ! ಈ ಕೆರೆಯಲ್ಲಿ ಹುಟ್ಟಿದವರು ಯಾರೂ ಅಷ್ಟು ತೋಡಿಲ್ಲ, ಇನ್ನು ಮುಂದೆ ಹುಟ್ಟೋರೂ ತೋಡಲ್ಲ!”

“ಯಾರ ಹೆಜ್ಜೆ ಅಣ್ಣಾ? ಇರುವೆ ಹೆಜ್ಜೆಯಾ?” ಎಂದಿತು ಒಂದು ಕಪ್ಪೆ. ಉಳಿದವು ವಟವಟ ನಕ್ಕವು.

ಬಾಣಪ್ಪನಿಗೆ ಉರಿಯಿತು. “ಏಡಿ ಹೆಜ್ಜೆ ಕಣೋ! ಅಡ್ಡಜ್ಜನ ಹೆಜ್ಜೆ! ನನ್ನ ಕೇಳೋ ಆಸಾಮಿಯೂ ಅಡ್ಡಜ್ಜನೇ. ಈಗ ನಗು ನೋಡೋಣ!”

ಕಪ್ಪೆಗಳ ನಗು ಗಂಟಲಲ್ಲೇ ನಿಂತಿತು.

ಅಡ್ಡಜ್ಜ ಕೆರೆಯ ಹಳೇ ಏಡಿ. ಅಂಗೈ ಅಗಲದ ಚಿಪ್ಪು, ಒಂದು ಕೊಂಡಿ ದೊಡ್ಡದು, ಒಂದು ಚಿಕ್ಕದು. ಅಳತೆ ಅಂದರೆ ಅವನದೇ. ಹಿಂದೊಮ್ಮೆ ಹೆಗ್ಗಣವೊಂದು ಅರ್ಧ ಹೆಜ್ಜೆ ಕಮ್ಮಿ ತೋಡಿ ‘ಆಯ್ತು’ ಅಂದಿದ್ದಕ್ಕೆ, ಅದನ್ನು ಮತ್ತೆ ಒಳಗೆ ಕಳಿಸಿ ಮಣ್ಣು ಹೊರಿಸಿದ್ದ. ಅಂಥ ಮುದುಕನನ್ನು ಕೇಳೋ ಆಸಾಮಿ ಮಾಡಿಕೊಳ್ಳುವವರು ಯಾರೂ ಇರಲಿಲ್ಲ. ಬಾಣಪ್ಪ ಮಾಡಿಕೊಂಡ. ಯಾಕೆ? ಕಪ್ಪೆ ನಕ್ಕಿತಲ್ಲ, ಅದಕ್ಕೆ.

ಅಡ್ಡಜ್ಜ ನೀರಿನಂಚಿನಿಂದ ಕಣ್ಣುಗಳನ್ನು ಮೇಲೆತ್ತಿದ. “ನಾನು ಹೊಗಳೋಕೆ ಬರಲ್ಲ ಕಣಪ್ಪಾ. ಎಷ್ಟು ಅಂತ ಕೇಳೋಕೆ ಬರ್ತೀನಿ. ಒಪ್ಪಿಗೆನಾ?”

“ಒಪ್ಪಿಗೆ ಏನಜ್ಜಾ, ದಿನಾ ಬಾ! ಅಳೆದೂ ಅಳೆದೂ ನಿನ್ನ ಎಂಟು ಕಾಲೂ ನೋಯಬೇಕು, ಹಾಗೆ ತೋಡ್ತೀನಿ!”

ತೋಡಿದ ಕೂಡ. ಸುಳ್ಳು ಯಾಕೆ ಹೇಳಲಿ? ಮೊದಲ ಮೂರು ದಿನ ಬಾಣಪ್ಪನ ಕೆಲಸ ನೋಡಲು ಎರಡು ಕಣ್ಣು ಸಾಲದು. ಎದುರಿನ ಕೊಂಬೆಯಿಂದ ಬಿಟ್ಟ ಬಾಣದ ಹಾಗೆ ಹಾರಿ ಬಂದು ಏರಿಗೆ ಕೊಕ್ಕು ನಾಟಿಸುತ್ತಿದ್ದ. ಕಾಲಿಗೆ ನಿಲ್ಲಲು ಜಾಗ ಆದಮೇಲೆ ಒಳಗೆ ಕೂತು ಅಗೆದು, ಪುಟ್ಟ ಕೆಂಪು ಕಾಲುಗಳಿಂದ ಮಣ್ಣನ್ನು ಹಿಂದಕ್ಕೆ ಚಿಮ್ಮುತ್ತಿದ್ದ. ನೀಲವ್ವ “ನಾನೂ ಒಂದು ಕೈ ಹಚ್ಚಲಾ?” ಅಂದರೆ, “ನೀನು ಕೂತ್ಕೋ! ನನ್ನ ಮನೆ ನಾನು ತೋಡ್ತೀನಿ” ಎಂದು ಗದರುತ್ತಿದ್ದ.

ಬೆಳಕು ಹರಿದ ಕೂಡಲೇ ಅಡ್ಡಜ್ಜ ಏರಿ ಹತ್ತಿ ಬರುತ್ತಿದ್ದ. ಅಡ್ಡಡ್ಡ ಒಳಗೆ ಹೋಗಿ, ಅಡ್ಡಡ್ಡ ಹೊರಗೆ ಬರುತ್ತಿದ್ದ.

“ಎಷ್ಟು?”

“ಎರಡು!”

“ಎರಡೇ. ಸರಿ.”

ಮಾರನೆಯ ದಿನ, “ಎಷ್ಟು?” “ನಾಲ್ಕು!” “ನಾಲ್ಕೇ. ಸರಿ.” ಅದರ ಮಾರನೆಯ ದಿನ ಆರು. ಅಷ್ಟೇ ಮಾತು. ಶಹಭಾಸ್ ಇಲ್ಲ, ಬೆನ್ನು ತಟ್ಟುವುದಿಲ್ಲ. ಬಂದ, ಅಳೆದ, ಹೋದ.

ನಾಲ್ಕನೆಯ ದಿನ ಕೆರೆಯ ಬಡಗಣ ಮೂಲೆಗೆ ಮರಿಮೀನಿನ ಹಿಂಡು ಬಂತು. ಬಾಣಪ್ಪ ಹೊಟ್ಟೆ ತುಂಬ ತಿಂದ. ತಿಂದಮೇಲೂ ಸುಮ್ಮನಿರದೆ, ಕೊಕ್ಕರೆಗಳ ಮುಂದೆ ಧುಮುಕಿ ಧುಮುಕಿ ತೋರಿಸಿದ. “ಇದಕ್ಕೆ ಧುಮುಕೋದು ಅಂತಾರೆ, ನಿಮ್ಮ ಥರ ಒಂಟಿ ಕಾಲಲ್ಲಿ ತೂಕಡಿಸೋದಲ್ಲ!” ಎಂದು ಕೊಚ್ಚಿಕೊಂಡ. ಹೊತ್ತು ಮುಳುಗಿತು. ಐದನೆಯ ದಿನವೂ ಅದೇ ಮೂಲೆ, ಅದೇ ಆಟ.

ಆರನೆಯ ದಿನ ಬೆಳಿಗ್ಗೆ ಅಡ್ಡಜ್ಜ ಬಂದ.

“ಎಷ್ಟು?”

“ಆರು.”

“ಮೊನ್ನೆಯೂ ಆರು. ನಿನ್ನೆಯೂ ಆರು. ಇವತ್ತೂ ಆರು.”

“ಕಲ್ಲು ಸಿಕ್ತು ಅಜ್ಜ. ಇಷ್ಟು ದಪ್ಪ ಕಲ್ಲು.”

ಅಡ್ಡಜ್ಜ ಮತ್ತೆ ಒಳಗೆ ಹೋದ. ತುದಿಯ ಮಣ್ಣನ್ನು ಕೊಂಡಿಯಿಂದ ಕೆರೆದ ಸದ್ದು ಕೇಳಿಸಿತು. ಹೊರಗೆ ಬಂದ. ಕೊಂಡಿಯಲ್ಲಿದ್ದ ಮೆತ್ತನೆಯ ಮಣ್ಣನ್ನು ಬಾಣಪ್ಪನ ಕಾಲ ಬಳಿ ಉದುರಿಸಿದ.

“ಕಲ್ಲು ಬಾಯಲ್ಲಿದೆ. ಬಿಲದಲ್ಲಿಲ್ಲ,” ಎಂದ.

ಕೆಳಗೆ ನೀರಲ್ಲಿದ್ದ ಕಪ್ಪೆಗಳು ಕೇಳಿಸಿಕೊಂಡವು. ಒಂದು ಕಿಸಕ್ಕೆಂದಿತು. ಅಷ್ಟು ಸಾಕಾಯಿತು. ಬಾಣಪ್ಪನ ಮೈಯ ಗರಿಯೆಲ್ಲ ಸೆಟೆದು ನಿಂತವು.

“ಲೇ ಮುದುಕಾ! ಜನ್ಮಕ್ಕೆ ಒಂದು ದಿನ ನೆಟ್ಟಗೆ ನಡೆದವನಲ್ಲ ನೀನು. ಅಡ್ಡ ಹುಟ್ಟಿ, ಅಡ್ಡ ಬೆಳೆದು, ಅಡ್ಡ ನಡೆದು, ನನಗೆ ನೆಟ್ಟಗಿರು ಅಂತ ಹೇಳೋಕೆ ಬಂದೆಯಾ?”

“ನನ್ನ ನಡಿಗೆ ಅಡ್ಡ. ನನ್ನ ಅಳತೆ ನೆಟ್ಟಗಿದೆ,” ಎಂದ ಅಡ್ಡಜ್ಜ. ಅವನಿಗೂ ಸಿಟ್ಟು ಬಂದಿತ್ತು. “ಕೇಳು ಅಂದೋನು ನೀನು. ಅಷ್ಟು ಜನರ ಮುಂದೆ ಕರೆದೋನು ನೀನು. ನಿನ್ನ ಹಾಗೆ ಬಾಯಿ ಇದ್ದೋರಿಗೆ ಬೆನ್ನ ಹಿಂದೆ ಒಂದು ಕೊಂಡಿ ಇರಬೇಕು ಕಣೋ. ಇಲ್ಲದಿದ್ರೆ ಬಾಯಿ ಮುಂದೆ ಹೋಗ್ತದೆ, ಕೆಲಸ ಹಿಂದೆ ಬೀಳ್ತದೆ.”

“ನನ್ನ ಬೆನ್ನ ಹಿಂದೆ ಯಾರೂ ಬೇಡ! ನಡೀ ಇಲ್ಲಿಂದ!”

ಹಾಗೆಂದವನೇ ಹಿಂದಕ್ಕೆ ತಿರುಗಿ, ಎರಡೂ ಕಾಲಿನಿಂದ ಮಣ್ಣು ಚಿಮ್ಮಿದ. ಅದು ಅಜ್ಜನ ಚಿಪ್ಪಿನ ಮೇಲೆ, ಕಣ್ಣಿನ ಮೇಲೆ ಬಿತ್ತು. ಅಡ್ಡಜ್ಜ ಏರಿಯಿಂದ ಜಾರಿ, ಎರಡು ಪಲ್ಟಿ ಹೊಡೆದು, ಕೆಸರಲ್ಲಿ ಅಂಗಾತ ಬಿದ್ದ. ಕಷ್ಟಪಟ್ಟು ಮಗುಚಿಕೊಂಡ. ಕಪ್ಪೆಗಳು ಈ ಸಲ ನಗಲಿಲ್ಲ.

“ನಾನು ಹೋಗ್ತೀನಿ,” ಎಂದ ಅಜ್ಜ ಕಣ್ಣು ಒರೆಸಿಕೊಳ್ಳುತ್ತ. “ನೀನು ಹೇಳಿದ ಇಪ್ಪತ್ತು ಮಾತ್ರ ಎಲ್ಲಿಗೂ ಹೋಗಲ್ಲ. ಆ ಕಲ್ಲಿನ ಮೇಲೆ ಕೂತೇ ಇರ್ತದೆ.”

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆದರೆ ಸಿಟ್ಟಿನಲ್ಲಿ ಇರುವವನಿಗೆ ಗಾದೆ ಯಾರು ಹೇಳುತ್ತಾರೆ?

ಕೇಳೋ ಆಸಾಮಿ ಇಲ್ಲದೆ ಕೆಲಸ ನಡೆಸುವಂತಿಲ್ಲ, ಕಟ್ಟಳೆ. ಬದಲಿಸಬಹುದು, ಬಿಡುವಂತಿಲ್ಲ. ಬಾಣಪ್ಪ ಕಲ್ಲಿನ ಮೇಲೆ ನಿಂತು, “ಅಡ್ಡಜ್ಜ ಬೇಡ. ಬೇರೆ ಯಾರಿದ್ದೀರಿ?” ಎಂದು ಕೂಗಿದ. ಅಜ್ಜ ಕೆಸರಲ್ಲಿ ಬಿದ್ದದ್ದನ್ನು ನೋಡಿದವರು ಯಾರೂ ಮುಂದೆ ಬರಲಿಲ್ಲ.

ಆಗ ಲಂಟಾನ ಪೊದೆಯಿಂದ ಒಂದು ದನಿ ಬಂತು.

“ಹೂಂ... ಹೂಂ... ಹೂಂ...”

ಕೆಂಬೂತ ಕೆಂಡಣ್ಣ ಮೆಲ್ಲಗೆ ಹೊರಗೆ ಬಂದ. ಕಾಗೆಯಷ್ಟು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಉದ್ದ ಕರಿಬಾಲ, ಕೆಂಡದಂಥ ಕಣ್ಣು. “ಇಂಥ ದೊಡ್ಡ ಕೆಲಸಗಾರರನ್ನ ಆ ಮುದುಕ ಬೆಳಬೆಳಿಗ್ಗೆ ಗೋಳು ಹೊಯ್ಕೊಳ್ಳೋದಾ ದಣಿ? ನಾನು ಬರ್ತೀನಿ. ನೀವು ಹೇಳಿದ್ದೇ ಲೆಕ್ಕ.”

ದಣಿ! ಆ ಒಂದು ಮಾತಿಗೆ ಬಾಣಪ್ಪನ ಎದೆ ಬೋಂಡದ ಹಾಗೆ ಉಬ್ಬಿತು. “ನೋಡಿದ್ರಾ? ಮರ್ಯಾದೆ ಗೊತ್ತಿರೋರು ಹೀಗಿರ್ತಾರೆ!” ಎಂದು ಕಪ್ಪೆಗಳ ಕಡೆ ತಿರುಗಿ ಹೇಳಿದ.

ಮಕ್ಕಳೇ, ನನ್ನ ಮಾತು ಕೇಳಿ. ಬೈಯುವವರನ್ನು ನಾನು ಸಹಿಸಿಯೇನು. ಎಲ್ಲದಕ್ಕೂ ಹೂಂಗುಟ್ಟುವವರನ್ನು ಕಂಡರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಯಾಕೆ ಅಂತ ಮುಂದೆ ನೋಡಿ.

ಮಾರನೆಯ ಬೆಳಿಗ್ಗೆ ಬಿಸಿಲೇರಿದ ಮೇಲೆ ಕೆಂಡಣ್ಣ ಬಂದ.

“ಎಷ್ಟಾಯ್ತು ದಣಿ?”

“ಒಂದು ಎಂಟು ಅಂತ ಇಟ್ಕೋ.”

“ಹೂಂ.”

“ನಾಳೆ ಎರಡು ದಿನದ್ದು ಒಟ್ಟಿಗೆ ಅಗೀತೀನಿ.”

“ಹೂಂ ಹೂಂ. ಕಟ್ಟಳೆ ಅಂತ ಇದೆಯಲ್ಲ, ಅದಕ್ಕೆ ಒಂದು ಸಲ ಇಣುಕಿ ನೋಡ್ಲಾ?” ಕೆಂಡಣ್ಣ ಬಿಲಕ್ಕೆ ತಲೆ ತೂರಿಸಿದ. ಕತ್ತು ಉದ್ದ ಮಾಡಿದ. ಕೊಕ್ಕಿನಿಂದ ಆ ಕಡೆ ಈ ಕಡೆ ತಡವಿದ. ಬಾಯಿ ಚಿಕ್ಕದು, ಭುಜ ಒಳಗೆ ಹೋಗಲಿಲ್ಲ. ತಲೆ ಹೊರಗೆ ತೆಗೆದು, “ಅಬ್ಬಾ, ಪಾತಾಳ!” ಎಂದ. “ಆದರೆ ದಣಿ, ಸಣ್ಣ ಮಾತು. ನಿಮ್ಮಂಥವರ ಮನೆಗೆ ಬಾಗಿಲು ಇಷ್ಟು ಚಿಕ್ಕದಾ? ನಾಲ್ಕು ಜನ ನೋಡೋದು ಬಾಗಿಲನ್ನೇ ಅಲ್ವಾ? ಒಳಗಿನ ಆಳ ಯಾರಿಗೆ ಕಾಣ್ತದೆ?”

ಬಾಣಪ್ಪ ಯೋಚಿಸಿದ. ಹೌದಲ್ಲ! ಒಳಗೆ ಕತ್ತಲಲ್ಲಿ ಬೆವರು ಸುರಿಸಿದರೆ ಯಾರು ಹೊಗಳುತ್ತಾರೆ? ಬಾಗಿಲು ದೊಡ್ಡದಾದರೆ ಆಚೆ ದಡಕ್ಕೂ ಕಾಣುತ್ತದೆ. ಅವತ್ತಿಡೀ ಬಾಗಿಲು ಅಗಲ ಮಾಡಿದ. ಅದರ ಮಾರನೆಯ ದಿನ ದುಂಡಗೆ ಮಾಡಿದ. ಇನ್ನೊಂದು ದಿನ ಅಂಚು ನಯ ಮಾಡಿದ. ಕೊಕ್ಕರೆಗಳು ಹಾರಿಹೋಗುತ್ತ, “ಏನು ಬಾಗಿಲಪ್ಪಾ!” ಅಂದವು. ಬಾಣಪ್ಪ ಕೊಂಬೆ ಮೇಲೆ ಕೂತು ಬಾಲ ಕುಣಿಸಿದ.

ನಡುನಡುವೆ ಮನಸ್ಸಾದಾಗ ಒಳಗೂ ಒಂದಿಷ್ಟು ಅಗೆದ. ಕೆಂಡಣ್ಣ ದಿನಾ ಬಂದು ತಲೆ ತೂರಿಸುತ್ತಿದ್ದ, ದಿನಾ ಕತ್ತು ಚಾಚುತ್ತಿದ್ದ. ಬಾಗಿಲು ಅಗಲವಾದಂತೆ ಅವನ ಭುಜವೂ ಒಳಗೆ ಹೋಗತೊಡಗಿತು. ಒಂದು ದಿನ ಅವನ ಕೊಕ್ಕಿನ ತುದಿ ಕೊನೆಯ ಮಣ್ಣಿಗೆ ತಾಗಿಯೂ ತಾಗದ ಹಾಗೆ ತಾಗಿತು.

ಆಗ ಕೆಂಡಣ್ಣ ತಟ್ಟನೆ ಹೊರಗೆ ಬಂದು ಹೇಳಿದ: “ಸಾಕು ದಣಿ! ಇನ್ನು ಒಂದು ಚೂರೂ ಬೇಡ. ಇದಕ್ಕಿಂತ ಆಳ ತೋಡಿದ್ರೆ ಮರಿಗಳಿಗೆ ಗಾಳಿ ಆಡಲ್ಲ.”

“ಇಪ್ಪತ್ತಾಯ್ತು ಅಂತೀಯಾ?”

“ನೀವು ಆಯ್ತು ಅಂದ್ರೆ ಆಯ್ತು.”

“ಆಯ್ತು!” ಎಂದ ಬಾಣಪ್ಪ.

“ಹೂಂ,” ಎಂದ ಕೆಂಡಣ್ಣ.

ಆಗಿದ್ದದ್ದು ಹನ್ನೊಂದು. ಬಾಣಪ್ಪನಿಗೂ ಒಳಗೊಳಗೇ ಗೊತ್ತಿತ್ತು. ಆದರೆ ಬೇರೊಬ್ಬರ ಬಾಯಿಂದ ‘ಹೂಂ’ ಬಂದಮೇಲೆ, ಅದು ಅವನ ತಪ್ಪಲ್ಲ ಅನ್ನಿಸಿಬಿಟ್ಟಿತು.

ಹುಣ್ಣಿಮೆಯ ದಿನ ನೀಲವ್ವ ಬಂದಳು. ಬಾಗಿಲು ನೋಡಿ ಹುಬ್ಬು ಗಂಟಿಕ್ಕಿದಳು. ಒಳಗೆ ಹೋದವಳು ಬೇಗನೆ ತಿರುಗಿ ಬಂದಳು.

“ಏನಯ್ಯಾ, ಇಷ್ಟು ಬೇಗ ಮುಗೀತು? ಇದು ಇಪ್ಪತ್ತಾ?”

“ಇಪ್ಪತ್ತೇ!”

“ಅಡ್ಡಜ್ಜ ಅಳೆದನಾ?”

“ಆ ಮುದುಕನ ಹೆಸರು ಎತ್ತಬೇಡ! ಗಂಡನ ಮಾತಿಗಿಂತ ಏಡಿ ಕಾಲು ಹೆಚ್ಚಾಯ್ತಾ ನಿನಗೆ? ಬೇಕಾದ್ರೆ ಕೆಂಡಣ್ಣನ್ನ ಕೇಳು!”

“ಹೂಂ,” ಎಂದಿತು ಪೊದೆ.

ನೀಲವ್ವನಿಗೆ ಜಗಳ ಆಡುವಷ್ಟು ಸಿಟ್ಟಿತ್ತು. ಆದರೆ ಹೊಟ್ಟೆಯಲ್ಲಿದ್ದ ಮೊಟ್ಟೆಗೆ ಜಗಳ ಮುಗಿಯುವವರೆಗೆ ಕಾಯುವ ವ್ಯವಧಾನ ಇರಲಿಲ್ಲ. ಒಳಗೆ ಹೋಗಿ ಇಟ್ಟಳು. ಮೂರು ದಿನದಲ್ಲಿ ಮೂರು. ಹುಣ್ಣಿಮೆಯ ಚಂದ್ರನ ಚೂರಿನ ಹಾಗೆ ಬೆಳ್ಳಗಿನ ಮೂರು ಮೊಟ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ, “ಹಸಿವಾಗ್ತಿದೆ. ಎರಡು ಮೀನು ಹಿಡಿದು ಬರ್ತೀನಿ. ಬಾಗಿಲು ಬಿಟ್ಟು ಕದಲಬೇಡ,” ಎಂದು ನೀಲವ್ವ ಹೋದಳು. ಬಾಣಪ್ಪ ಸ್ವಲ್ಪ ಹೊತ್ತು ಕೂತ. ಕೆಳಗೆ ತೂಬಿನ ಹತ್ತಿರ ಕಪ್ಪೆಗಳು ಮನೆಯ ಮಾತಾಡುತ್ತಿದ್ದವು. ತನ್ನ ಮನೆಯ ಮಾತು! ಹೋಗದೆ ಇರಲಾದೀತೇ? ಹಾರಿಹೋಗಿ ಕಲ್ಲಿನ ಮೇಲೆ ಕೂತ. ಬಾಗಿಲು ಹೇಗೆ ದುಂಡಗೆ ಮಾಡಿದೆ, ಅಂಚು ಹೇಗೆ ನಯ ಮಾಡಿದೆ ಎಂದು ಶುರು ಹಚ್ಚಿದ.

“ಅಣ್ಣಾ,” ಎಂದಿತು ಒಂದು ಕಪ್ಪೆ, “ನಿನ್ನ ಬಾಗಿಲಲ್ಲಿ ಏನೋ ನೇತಾಡ್ತಿದೆ.”

ಬಾಣಪ್ಪ ತಿರುಗಿ ನೋಡಿದ. ಬಿಲದ ಬಾಯಿಂದ ಉದ್ದ ಕರಿಬಾಲವೊಂದು ಹೊರಗೆ ಚಾಚಿಕೊಂಡಿತ್ತು. ಭುಜ, ರೆಕ್ಕೆ ಎಲ್ಲ ಒಳಗೆ.

“ಓ, ಅದಾ!” ಎಂದು ನಕ್ಕ. “ನಮ್ಮ ಕೇಳೋ ಆಸಾಮಿ. ಕೆಲಸ ಮುಗಿದ ಮೇಲೂ ಬಂದು ಅಳೀತಾನೆ ನೋಡಿ! ನಿಯತ್ತು ಅಂದ್ರೆ ಅದು!”

ಬಾಲ ಅಲ್ಲಾಡಿತು. ಒಂದು ಸಲ. ಎರಡು ಸಲ. ಮೂರು ಸಲ. ಆಮೇಲೆ ಕೆಂಡಣ್ಣ ಮೆಲ್ಲಗೆ ಹಿಂದೆ ಸರಿದು ಹೊರಗೆ ಬಂದ. ಅವನ ಕರಿಕೊಕ್ಕಿನ ಮೇಲೆ ಹಳದಿ ಬಣ್ಣ ಹರಿಯುತ್ತಿತ್ತು.

“ಎಷ್ಟಿದೆ ಕೆಂಡಣ್ಣಾ?” ಎಂದು ಬಾಣಪ್ಪ ಅಲ್ಲಿಂದಲೇ ಕೂಗಿದ. ಕೂಗುವಾಗಲೇ ಅವನ ದನಿ ಮುರಿಯಿತು. ಹಳದಿ ಅವನಿಗೂ ಕಂಡಿತ್ತು.

“ಸರಿಯಾಗಿ ಇದೆ ದಣಿ,” ಎಂದ ಕೆಂಡಣ್ಣ ಕೊಕ್ಕನ್ನು ಹುಲ್ಲಿಗೆ ಒರೆಸುತ್ತ. “ನನ್ನ ಅಳತೆಗೆ ಸರಿಯಾಗಿದೆ.”

ನೀಲವ್ವ ಬಂದಾಗ ಬಾಣಪ್ಪ ಬಾಗಿಲಲ್ಲಿ ಕಲ್ಲಾಗಿ ಕೂತಿದ್ದ. ಅವಳು ಅವನನ್ನು ದಾಟಿ ಒಳಗೆ ಹೋದಳು. ಬಂದವಳು ಅಳಲಿಲ್ಲ. ಒಡೆದ ಚಿಪ್ಪೊಂದನ್ನು ತಂದು ಅವನ ಕಾಲ ಬಳಿ ಇಟ್ಟಳು. ಮತ್ತೆ ಹೋಗಿ ಇನ್ನೊಂದು ತಂದಳು. ಮತ್ತೆ ಹೋಗಿ ಮತ್ತೊಂದು.

“ಈಗ ಹೇಳು. ಎಷ್ಟು?”

ಬಾಣಪ್ಪ ತಲೆ ತಗ್ಗಿಸಿದ.

“ಬಾಯಿ ಎಲ್ಲಿ ಹೋಯ್ತು? ಕೆರೆಗೆಲ್ಲ ಕೇಳಿಸ್ತಿದ್ದ ಬಾಯಿ! ಎಷ್ಟು ಹೆಜ್ಜೆ ತೋಡಿದ್ದೆ?”

“ಹನ್ನೊಂದು,” ಎಂದ. ಅವನಿಗೇ ಕೇಳಿಸದಷ್ಟು ಮೆಲ್ಲಗೆ.

“ನನಗೆ ಒಂದು ಮಾತು ಹನ್ನೊಂದು ಅಂದಿದ್ರೆ ಉಳಿದ ಒಂಬತ್ತು ನಾನೇ ತೋಡ್ತಿದ್ನಲ್ಲಯ್ಯಾ! ಕೊಕ್ಕು ನನಗೂ ಇಲ್ವಾ? ತೋಡದೆ ಇದ್ದದ್ದಕ್ಕೆ ಕ್ಷಮಿಸ್ತಿದ್ದೆ. ತೋಡಿದೆ ಅಂದೆಯಲ್ಲ, ಅದಕ್ಕೆ ಹೇಗೆ ಕ್ಷಮಿಸಲಿ?” ನೀಲವ್ವನ ಕಣ್ಣು ಉರಿಯುತ್ತಿದ್ದವು. “ಮುಂದಿನ ಅಮಾವಾಸ್ಯೆಗೆ ಮತ್ತೆ ಇಡ್ತೀನಿ. ಈ ವರ್ಷಕ್ಕೆ ಅದೇ ಕಡೆ. ಅವತ್ತಿಗೆ ಇಪ್ಪತ್ತು ಇದ್ರೆ ಇರ್ತೀನಿ. ಇಲ್ಲದಿದ್ರೆ ಈ ಕೆರೆಯೂ ಬೇಡ, ನೀನೂ ಬೇಡ.”

ಬಾಣಪ್ಪನ ಸಿಟ್ಟು ಮೊದಲು ಪೊದೆಗೆ ಹಾರಿತು. “ಹೊರಗೆ ಬಾರೋ ಕಳ್ಳಾ! ನಂಬಿಸಿ ಕತ್ತು ಕೊಯ್ದೆಯಲ್ಲೋ! ಹಾಡಹಗಲೇ ಸುಳ್ಳು ಹೇಳಿದೆಯಲ್ಲೋ!”

ಕೆಂಡಣ್ಣ ಮುಳ್ಳಿನ ನಡುವೆ ಹಾಯಾಗಿ ಕೂತಿದ್ದ. “ನಾನೆಲ್ಲಿ ಸುಳ್ಳು ಹೇಳಿದೆ ದಣಿ? ಎಂಟು ಅಂದೋರು ನೀವು. ಇಪ್ಪತ್ತು ಅಂದೋರು ನೀವು. ನಾನು ಹೂಂ ಅಂದೆ. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ? ಬೇಡ ಅಂತಿದ್ರೆ ಆ ಏಡಿಯನ್ನ ಯಾಕೆ ಒದ್ದು ಓಡಿಸ್ತಿದ್ರಿ?”

ಅವನ ಮೈ ಬಾಣಪ್ಪನ ಮೈಯ ನಾಲ್ಕರಷ್ಟು. ಆ ಮುಳ್ಳಿನೊಳಗೆ ನುಗ್ಗಿ ಹೊಡೆದಾಡುವುದು ಆಗದ ಮಾತು. ಆದರೆ ಬಾಣಪ್ಪ ಹಿಂದೆ ತಿರುಗಿದ್ದು ಮುಳ್ಳಿಗೆ ಹೆದರಿ ಅಲ್ಲ. ಅಡ್ಡಜ್ಜನ ಕಣ್ಣಿಗೆ ತಾನು ಚಿಮ್ಮಿದ ಮಣ್ಣು ನೆನಪಾಗಿ.

ಅಲ್ಲಿಂದ ನೇರ ಅಡ್ಡಜ್ಜನ ಬಿಲಕ್ಕೆ ಹೋದ. ಕೆಸರಿನಂಚಿನಲ್ಲಿ ಇಳಿದು ಕೂಗಿದ.

“ಅಜ್ಜಾ!”

ಇನ್ನೂ ಹತ್ತಿರ ಹೋಗಿ ಮತ್ತೆ ಕೂಗಿದ.

“ಅಡ್ಡಜ್ಜಾ! ನಾನು ಬಾಣಪ್ಪ.”

“ಯಾವ ಬಾಣಪ್ಪ? ಕಣ್ಣಿಗೆ ಮಣ್ಣೆರಚೋನಾ?” ದನಿ ಗರಗರ ಎನ್ನುತ್ತಿತ್ತು. “ನನಗೆ ನೆಟ್ಟಗೆ ನಡೆಯೋಕೆ ಬರಲ್ಲ ಕಣಪ್ಪಾ. ನೆಟ್ಟಗೆ ನಡೆಯೋರನ್ನ ಹುಡುಕ್ಕೋ ಹೋಗು.”

“ತಪ್ಪಾಯ್ತು ಅಜ್ಜ. ಮತ್ತೆ ಬಂದು ಕೇಳು. ನೀನು ಕೇಳದಿದ್ರೆ ನಾನು ತೋಡಲ್ಲ. ನನ್ನ ಯೋಗ್ಯತೆ ನನಗೆ ಗೊತ್ತಾಯ್ತು.”

ಬಿಲದ ಬಾಯಿಂದ ಎರಡು ಕಣ್ಣು ಹೊರಗೆ ಬಂದವು. “ನನ್ನ ಬಿಲದ ಮುಂದೆ ಗುಟ್ಟಾಗಿ ಹೇಳಿದ್ದು ನನಗೆ ಬೇಡ. ಇಪ್ಪತ್ತು ಅಂತ ಎಲ್ಲಿ ಅಂದೆಯೋ ಅಲ್ಲೇ ನಿಂತು, ಎಷ್ಟಾಗಿತ್ತು ಅಂತ ಹೇಳು. ಆಮೇಲೆ ನೋಡೋಣ.”

ಮಕ್ಕಳೇ, ಏರಿಯ ಮಣ್ಣು ಅಗೆಯುವುದು ಸುಲಭ. ಹತ್ತು ಏರಿ ಅಗೆಯಬಹುದು. ತಾನು ಕೊಚ್ಚಿಕೊಂಡ ಕಲ್ಲಿನ ಮೇಲೆ ನಿಂತು, ತನ್ನನ್ನು ನೋಡಿ ನಗುವವರ ಮುಂದೆ, ತನ್ನ ಸುಳ್ಳನ್ನು ತಾನೇ ಹೇಳುವುದಿದೆಯಲ್ಲ, ಅದು ಗಂಡೆದೆಯ ಕೆಲಸ. ಬಾಣಪ್ಪ ಮೂರು ಸಲ ಕಲ್ಲಿನ ಹತ್ತಿರ ಹೋಗಿ ಮೂರು ಸಲ ತಿರುಗಿ ಬಂದ. ನಾಲ್ಕನೆಯ ಸಲ ಕೂತ.

“ಇಪ್ಪತ್ತು ಅಂದಿದ್ದೆ. ಹನ್ನೊಂದು ತೋಡಿದೆ,” ಎಂದ. “ಕೇಳಿದ ಅಜ್ಜನ್ನ ಒದ್ದೆ. ಹೂಂ ಅಂದೋನನ್ನ ಮನೆ ಬಾಗಿಲಿಗೆ ಕರೆದೆ. ಮೂರು ಮೊಟ್ಟೆ ಹೋದವು. ಇನ್ನು ನಗೋರು ನಗಬಹುದು.”

ಯಾರೂ ನಗಲಿಲ್ಲ. ಇರುವೆ ಹೆಜ್ಜೆ ಎಂದಿದ್ದ ಕಪ್ಪೆಯೂ ನೀರು ನೋಡುತ್ತ ಕೂತಿತ್ತು.

ಅಡ್ಡಜ್ಜ ದಡಕ್ಕೆ ಬಂದ. “ಆ ಹಳೇ ಬಿಲ ಬಿಡು. ಬಾಯಿ ಅಗಲ ಆಗಿದೆ, ಯಾರು ಬೇಕಾದ್ರೂ ನುಗ್ತಾರೆ. ಹೊಸದು. ಸೊನ್ನೆಯಿಂದ.”

“ಸೊನ್ನೆಯಿಂದಲಾ? ಹನ್ನೊಂದು ದಿನ ಇದೆ ಅಷ್ಟೇ ಅಜ್ಜ!”

“ಮಾತಾಡ್ತಾ ನಿಂತ್ರೆ ಹತ್ತಾಗ್ತದೆ.”

ಬಾಣಪ್ಪ ಬದಲಾಗಿ ಸಾಧು ಆಗಿಬಿಟ್ಟ ಅಂದುಕೊಂಡಿರಾ? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಆ “ಎಷ್ಟು?” ಕೇಳಿದ ಕೂಡಲೇ ಅವನಿಗೆ ಮೊದಲಿನಷ್ಟೇ ಉರಿಯುತ್ತಿತ್ತು. “ಬಂದ ನೋಡು, ಶನಿ!” ಎಂದು ಗೊಣಗುತ್ತಿದ್ದ. ಆದರೆ ಈಗ ಆ ಸಿಟ್ಟನ್ನು ಅಜ್ಜನ ಮೇಲೆ ಚಿಮ್ಮುತ್ತಿರಲಿಲ್ಲ. ಒಳಗೆ ಹೋಗಿ ಮಣ್ಣಿನ ಮೇಲೆ ತೀರಿಸಿಕೊಳ್ಳುತ್ತಿದ್ದ. ಕೊಕ್ಕಿನ ಒಂದೊಂದು ಏಟಿಗೂ ಒಂದೊಂದು ಬೈಗುಳ. ಮಣ್ಣು ಬೇಸರ ಮಾಡಿಕೊಳ್ಳಲಿಲ್ಲ, ಸುಮ್ಮನೆ ಉದುರಿತು. ಒಂದು ಹೊತ್ತು ಅವನು, ಒಂದು ಹೊತ್ತು ನೀಲವ್ವ. ಅವಳು ಅವನ ಜೊತೆ ಮಾತು ಬಿಟ್ಟಿದ್ದಳು, ಕೆಲಸ ಬಿಟ್ಟಿರಲಿಲ್ಲ.

ಆರನೆಯ ದಿನ ಬಾಣಪ್ಪ ಅಳುಮೋರೆ ಮಾಡಿಕೊಂಡು ಕಾಯುತ್ತಿದ್ದ.

“ಎಷ್ಟು?”

“ಹನ್ನೆರಡು. ನಿನ್ನೆಯೂ ಹನ್ನೆರಡು. ಅಜ್ಜಾ, ಈ ಸಲ ನಿಜವಾಗಿ ಕಲ್ಲು. ನೀನು ನಂಬಲ್ಲ, ನನಗೆ ಗೊತ್ತು.”

ಅಡ್ಡಜ್ಜ ಒಳಗೆ ಹೋದ. ಕೊಂಡಿ ಕಲ್ಲಿಗೆ ತಾಗಿ ಠಣ್ಣೆಂದಿತು. ಹೊರಗೆ ಬಂದು, “ಕಲ್ಲಿದೆ,” ಎಂದ. “ಬಲಗಡೆ ಗಟ್ಟಿ, ಎಡಗಡೆ ಮಣ್ಣು ಮೆತ್ತಗಿದೆ. ಎಡಕ್ಕೆ ತಿರುಗಿಸು. ಒಂದು ದಿನದ್ದು ಹೋಗಿದೆ, ಇನ್ನೈದು ದಿನದಲ್ಲಿ ಹೊಂದಿಸಿಕೋ.”

ನಿಜವಾದ ಕಷ್ಟ ಹೇಳಿದರೆ ಈ ಮುದುಕ ದಾರಿಯನ್ನೂ ಹುಡುಕಿಕೊಡುತ್ತಾನೆ! ಬಾಣಪ್ಪನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಮತ್ತೆ ಸಿಟ್ಟು ಬಂತು. ಅದನ್ನೂ ಎಡಗಡೆಯ ಮಣ್ಣಿಗೆ ಕೊಟ್ಟ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಅವನ ಕೊಕ್ಕಿನ ತುದಿ ಸವೆದು ಮೊಂಡಾಗಿತ್ತು. ಕಾಲಿನ ಚರ್ಮ ಸುಲಿದಿತ್ತು. ಆಗಲೇ ನೀಲವ್ವ ಹೊಟ್ಟೆ ಭಾರವಾಗಿ ಕೊಂಬೆಯ ಮೇಲೆ ಕೂತಿದ್ದಳು.

“ಎಷ್ಟು?”

“ಹದಿನೆಂಟು,” ಎಂದ ಬಾಣಪ್ಪ. ಆಮೇಲೆ, “ಇಪ್ಪತ್ತು ಅಂತ ಇಟ್ಕೋ ಅಜ್ಜ. ಎರಡು ಹೆಜ್ಜೆ ಏನು ಮಹಾ? ಕಾಲು ನೋಡು ನನ್ನದು.”

“ಇಟ್ಕೊಳ್ಳಲ್ಲ,” ಎಂದ ಅಡ್ಡಜ್ಜ. ಬಾಗಿಲಲ್ಲೇ ಎಂಟೂ ಕಾಲು ಮಡಚಿಕೊಂಡು ಕೂತುಬಿಟ್ಟ. “ಆಗೋವರೆಗೂ ಇಲ್ಲೇ ಇರ್ತೀನಿ. ಬೈಯೋದಿದ್ರೆ ಬೈಕೊಂಡೇ ಅಗೆ.”

ಅವತ್ತು ಬಾಣಪ್ಪ ಬೈದ ಬೈಗುಳ ಬರೆದರೆ ನಿಮ್ಮ ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆದರೆ ಮಧ್ಯಾಹ್ನದ ಹೊತ್ತಿಗೆ ಅಡ್ಡಜ್ಜ ಅಡ್ಡಡ್ಡ ಒಳಗೆ ಹೋಗಿ ಅಡ್ಡಡ್ಡ ಹೊರಗೆ ಬಂದ. “ಇಪ್ಪತ್ತೇ. ಸರಿ,” ಎಂದ. ಇಳಿದು ಹೋದ.

ನೀಲವ್ವ ಒಳಗೆ ಹೋದಳು. ಬಹಳ ಹೊತ್ತು ನಡೆದಳು.

ಮೊಟ್ಟೆ ಇಟ್ಟ ವಾಸನೆ ಕೆಂಡಣ್ಣನಿಗೆ ತಿಳಿಯದೆ ಇರುತ್ತದೆಯೇ? ಐದನೆಯ ದಿನ ಬಂದ. ಬಾಗಿಲು ಚಿಕ್ಕದಿತ್ತು. ತನ್ನ ಗಟ್ಟಿ ಉಗುರಿನಿಂದ ಅಂಚನ್ನು ಕೆರೆದು ಕೆರೆದು ಒಳಗಿನವರೆಗೂ ಅಗಲ ಮಾಡಿಕೊಂಡ. ತಲೆ ಹಾಕಿದ, ಭುಜ ಹಾಕಿದ, ಬಾಲವೊಂದು ಬಿಟ್ಟು ಮೈಯನ್ನೆಲ್ಲ ತುರುಕಿದ. ಒಳಗೆ ಮೊಟ್ಟೆಯ ಮೇಲೆ ಕೂತಿದ್ದ ನೀಲವ್ವನಿಗೆ ಕತ್ತಲಲ್ಲಿ ಆ ಕೊಕ್ಕಿನ ಸದ್ದು ಕೇಳಿಸಿತು. ಟಕ್. ಟಕ್. ಇನ್ನೂ ಹತ್ತಿರ. ಟಕ್. ಅವಳಿಗೂ ಅದಕ್ಕೂ ನಡುವೆ ಉಳಿದದ್ದು ಒಂದೂವರೆ ಹೆಜ್ಜೆ. ಅದಕ್ಕಿಂತ ಮುಂದೆ ಬರಲು ಅವನಿಂದ ಆಗಲಿಲ್ಲ.

ಅಮಾವಾಸ್ಯೆಯ ದಿನ ಮುದುಕ ‘ಇಟ್ಕೊಳ್ಳಲ್ಲ’ ಅಂದಿದ್ದನಲ್ಲ, ಆ ಎರಡು ಹೆಜ್ಜೆಯೊಳಗಿನ ಒಂದೂವರೆ.

ಈ ಸಲ ಬಾಣಪ್ಪ ಬಾಗಿಲು ಬಿಟ್ಟು ಕದಲಿರಲಿಲ್ಲ. ತನ್ನ ನಾಲ್ಕರಷ್ಟಿರುವವನು ಮೊದಲು ಒಳಗೆ ಸಿಕ್ಕಿಕೊಳ್ಳಲಿ ಎಂದು ಎದುರಿನ ಕೊಂಬೆಯಲ್ಲೇ ಕಾದು ಕೂತಿದ್ದ. ಕೆಂಡಣ್ಣನ ತಲೆ ಒಳಗೆ ಸಿಕ್ಕಿಕೊಂಡಿತ್ತು, ಬಾಲ ಹೊರಗೆ ಅಸಹಾಯಕವಾಗಿ ಒದ್ದಾಡುತ್ತಿತ್ತು. ಬಾಣಪ್ಪ ಹಾರಿದ. ಮೂರು ಮೊಟ್ಟೆಯ ಸಿಟ್ಟು, ತಿಂಗಳಿಡೀ ಕೂಡಿಟ್ಟ ಸಿಟ್ಟು, ಎಲ್ಲ ಸೇರಿ ಆ ಮೊಂಡು ಕೊಕ್ಕಿಗೆ ಬಂತು. “ಎಷ್ಟಿದೆ ಕೆಂಡಣ್ಣಾ? ಅಳೆದು ಹೇಳು! ಎಷ್ಟಿದೆ?” ಎನ್ನುತ್ತ ಬಾಲದ ಒಂದೊಂದೇ ಗರಿ ಕಿತ್ತ. ಕೆಂಡಣ್ಣ ಹಿಂದಕ್ಕೆ ಜಗ್ಗಿ ಜಗ್ಗಿ ಹೇಗೋ ಬಿಡಿಸಿಕೊಂಡು ಓಡಿದ. ಬಾಲ ಇಲ್ಲದ ಕೆಂಬೂತವನ್ನು ಹೊಂಗೆಕೆರೆ ಅವತ್ತೇ ಮೊದಲು ನೋಡಿದ್ದು, ಅವತ್ತೇ ಕೊನೆ. ಕಪ್ಪೆಗಳು ಅವನ ಹಿಂದೆಯೇ “ಹೂಂ! ಹೂಂ! ಹೂಂ!” ಎಂದು ಕೂಗಿ ಕಳಿಸಿದವು.

ಮೂರು ವಾರ ಕಳೆದು ಮೂರು ಮರಿ ಹೊರಬಂದವು. ನೀಲವ್ವ ಮತ್ತೆ ಮಾತಾಡತೊಡಗಿದಳು. ಮೊದಲ ಮಾತು ಬೈಗುಳವೇ. ಇರಲಿ, ಮಾತು ಮಾತೇ.

ಒಂದು ಬೆಳಿಗ್ಗೆ ಅಡ್ಡಜ್ಜ ನೀರಿನಂಚಿನಲ್ಲಿ ಬಿಸಿಲು ಕಾಯಿಸುತ್ತಿದ್ದ. ಕೆಲಸ ಮುಗಿದಿತ್ತಲ್ಲ, ಏರಿ ಹತ್ತುವ ಶ್ರಮ ತಪ್ಪಿತ್ತು. ಬಾಣಪ್ಪ ಕೆಂಡಾಮಂಡಲವಾಗಿ ಹಾರಿ ಬಂದ.

“ಏನಜ್ಜಾ, ಹೊತ್ತು ಇಷ್ಟಾಯ್ತು, ಇನ್ನೂ ಬಂದಿಲ್ಲ?”

“ಯಾಕಪ್ಪಾ? ಇಪ್ಪತ್ತಾಗಿ ತಿಂಗಳಾಗ್ತಾ ಬಂತು.”

“ಮರಿಗಳಿಗೆ ದಿನಕ್ಕೆ ಅರವತ್ತು ಮೀನು ತರ್ತೀನಿ ಅಂತ ನಿನ್ನೆ ಕಲ್ಲಿನ ಮೇಲೆ ಹೇಳಿದೀನಿ. ಕೇಳೋ ಆಸಾಮಿ ಅಂತ ನಿನ್ನ ಹೆಸರೇ ಹೇಳಿದೀನಿ. ಕೇಳು!”

ಅಡ್ಡಜ್ಜನ ಕಣ್ಣುಗಳು ಮೆಲ್ಲಗೆ ಮೇಲೆದ್ದವು. “ಎಷ್ಟು?”

“ಐವತ್ತೆರಡು,” ಎಂದ ಬಾಣಪ್ಪ. ಅವನ ಗರಿಯೆಲ್ಲ ಸೆಟೆದು ನಿಂತವು. “ಎಂಟು ಕಮ್ಮಿ. ಬೈಯೋದಿದ್ರೆ ಬೇಗ ಬೈಯಿ. ನನಗೆ ಕೆಲಸ ಇದೆ!”

ನೀತಿ: ನಮ್ಮ ಮಾತಿಗೆಲ್ಲ ಹೂಂ ಅನ್ನುವವನು ನಮ್ಮ ಕೆಲಸ ಕೆಡಿಸುತ್ತಾನೆ, ‘ಎಷ್ಟಾಯಿತು?’ ಎಂದು ದಿನಾ ಕೇಳಿ ಸಿಟ್ಟು ಬರಿಸುವವನೇ ಅದನ್ನು ಮುಗಿಸಿಕೊಡುತ್ತಾನೆ.